ಹುಲ್ಲು ಹೊಡೆಯುವ ಮಿಷನ್ನಿಗೆ ಯಾವ ಪೆಟ್ರೋಲು, ಎಷ್ಟು ಎಣ್ಣೆ?

(ಸದಸ್ಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪೂರ್ಣ ಪಾಠ)



ಮೇವಿನ ತಳಿ, ಕೆಚ್ಚಲು ಬಾವು, ಕರುವಿನ ಪಾಲನೆ ಇವುಗಳ ಬಗ್ಗೆ ನಿಮಗೆ ಹೇಳಲು ನನಗಿಂತ ತಿಳಿದವರು ಈ ವೇದಿಕೆಯ ಮೇಲಿದ್ದಾರೆ. ನನಗೆ ಕೊಟ್ಟಿರುವ ವಿಷಯ ಚಿಕ್ಕದು. ನಿಮ್ಮ ಮನೆಯ ಹಟ್ಟಿಯ ಮೂಲೆಯಲ್ಲಿ ನೇತು ಹಾಕಿರುವ ಹುಲ್ಲು ಹೊಡೆಯುವ ಮಿಷನ್ನಿಗೆ, ಅಂದರೆ ಬ್ರಷ್ ಕಟರಿಗೆ, ಯಾವ ಪೆಟ್ರೋಲು ಹಾಕಬೇಕು, ಅದಕ್ಕೆ ಯಾವ ಎಣ್ಣೆ, ಎಷ್ಟು ಬೆರೆಸಬೇಕು ಎಂಬುದು. ನಾನು ಸಂಘಕ್ಕೆ ಹಾಲು ಹಾಕುವವನೂ ಹೌದು, ಮಧ್ಯಾಹ್ನದ ಮೇಲೆ ಇಂಥ ಮಿಷನ್ನುಗಳನ್ನು ಬಿಚ್ಚಿ ರಿಪೇರಿ ಮಾಡುವವನೂ ಹೌದು. ನನ್ನ ಬಳಿಗೆ ಬರುವ ಮಿಷನ್ನುಗಳಲ್ಲಿ ಬ್ಲೇಡು ಮುರಿದವು, ಹಗ್ಗ ತುಂಡಾದವು ದೊಡ್ಡ ಖರ್ಚಿನವಲ್ಲ. ಪಿಸ್ಟನ್ ಸೀಜ್ ಆಗಿ ಬಂದವೇ ದೊಡ್ಡ ಖರ್ಚಿನವು. ಅವುಗಳಲ್ಲಿ ಹೆಚ್ಚಿನವು ಹಾಳಾಗಿರುವುದು ಪೆಟ್ರೋಲಿನ ಡಬ್ಬದಲ್ಲಿ, ತೋಟದಲ್ಲಿ ಅಲ್ಲ.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. 2024ರ ಜೂನ್ ತಿಂಗಳು. ಮೊದಲ ಮಳೆಗೆ ತೋಟದ ಹುಲ್ಲು ಮೊಣಕಾಲೆತ್ತರ ಬಂದಿತ್ತು, ಕೊಟ್ಟಿಗೆಯಲ್ಲಿ ಕರೆಯುವ ಹಸುಗಳು ಮೂರು. ಹಿಂದಿನ ದೀಪಾವಳಿಯ ನಂತರ ಮೂಲೆಗಿಟ್ಟಿದ್ದ ಮಿಷನ್ನನ್ನು ತೆಗೆದೆ. ಟ್ಯಾಂಕಿನಲ್ಲಿ ಅರ್ಧಕ್ಕೂ ಹೆಚ್ಚು ಮಿಶ್ರಣ ಇತ್ತು. ‘ಇದ್ದದ್ದನ್ನು ಯಾಕೆ ಚೆಲ್ಲಬೇಕು’ ಎಂದು ಅದರಲ್ಲೇ ಎಳೆದೆ. ಎಂಟು ಹತ್ತು ಎಳೆತಕ್ಕೆ ಶುರುವಾಯಿತು. ಹತ್ತು ನಿಮಿಷ ಓಡಿತು, ದನಿ ಕೀರಲಾಯಿತು, ಆಮೇಲೆ ಗಕ್ಕನೆ ನಿಂತಿತು. ಹಗ್ಗ ಎಳೆದರೆ ಬರಲೇ ಇಲ್ಲ. ಊರವರ ಮಿಷನ್ನುಗಳನ್ನು ರಿಪೇರಿ ಮಾಡುವವನ ಮಿಷನ್ನೇ ಸೀಜ್ ಆಗಿತ್ತು. ಟ್ಯಾಂಕಿನಲ್ಲಿ ಉಳಿದದ್ದನ್ನು ಒಂದು ಗಾಜಿನ ಬಾಟಲಿಗೆ ಸುರಿದು ನೋಡಿದರೆ ಎರಡು ಪದರ. ಮೇಲೆ ಎಣ್ಣೆಯ ಬಣ್ಣವಿದ್ದ ಪೆಟ್ರೋಲು, ಕೆಳಗೆ ನೀರಿನಂತೆ ಬಿಳಿಚಿಕೊಂಡ ಇನ್ನೊಂದು ದ್ರವ. ಟ್ಯಾಂಕಿನ ಮುಚ್ಚಳದ ವಾಷರು ಬಿರುಕು ಬಿಟ್ಟಿತ್ತು, ಅದು ಆಮೇಲೆ ಕಂಡಿತು. ಹೊಸ ಸಿಲಿಂಡರು, ಪಿಸ್ಟನ್ ತರಿಸಿ ಹಾಕುವವರೆಗೆ ಎಂಟು ದಿನ ನನ್ನ ಮನೆಯವಳೂ ನಾನೂ ಆ ಮಳೆಯಲ್ಲಿ ಕತ್ತಿ ಹಿಡಿದು ಹುಲ್ಲು ಕೊಯ್ದೆವು. ಸಾಕಾಗುವಷ್ಟು ಕೊಯ್ಯಲು ಆಗಲಿಲ್ಲ. ಹಾಲು ಇಳಿಯಿತು. ಸಂಘದ ಪಾಸ್ ಪುಸ್ತಕದಲ್ಲಿ ಆ ಎಂಟು ದಿನ ಈಗಲೂ ಎದ್ದು ಕಾಣುತ್ತದೆ.

ಆ ಕೆಳಗಿನ ಪದರ ಏನು, ಅದು ಎಲ್ಲಿಂದ ಬಂತು ಎಂಬುದು ಗೊತ್ತಾದರೆ ಉಳಿದ ಮಾತೆಲ್ಲ ತಾನಾಗಿ ತಿಳಿಯುತ್ತದೆ.

ನಿಮ್ಮ ಬೈಕಿನ ಎಂಜಿನ್ ಫೋರ್ ಸ್ಟ್ರೋಕ್. ಅದರ ಹೊಟ್ಟೆಯಲ್ಲಿ ಎಂಜಿನ್ ಆಯಿಲ್ ಬೇರೆಯಾಗಿ ತುಂಬಿರುತ್ತದೆ. ಪೆಟ್ರೋಲಿನ ದಾರಿ ಬೇರೆ, ಎಣ್ಣೆಯ ದಾರಿ ಬೇರೆ. ಹುಲ್ಲಿನ ಮಿಷನ್, ಮರ ಕೊಯ್ಯುವ ಚೈನ್ ಸಾ, ಬೆನ್ನಿಗೆ ಹೊರುವ ಪವರ್ ಸ್ಪ್ರೇಯರ್ ಇವು ಹೆಚ್ಚಾಗಿ ಟೂ ಸ್ಟ್ರೋಕ್. ಇವಕ್ಕೆ ಎಣ್ಣೆಯ ಹೊಟ್ಟೆಯೇ ಇಲ್ಲ. ಗಾಳಿಯ ಜೊತೆ ಬಂದ ಪೆಟ್ರೋಲು ಮೊದಲು ಕ್ರ್ಯಾಂಕ್ ಇರುವ ಕೆಳಮನೆಗೆ ಹೋಗಿ, ಅಲ್ಲಿಂದ ಮೇಲೆ ಸಿಲಿಂಡರಿಗೆ ಏರಿ ಉರಿಯುತ್ತದೆ. ಹಾಗೆ ಹೋಗುವಾಗ ತನ್ನ ಜೊತೆ ತಂದ ಎಣ್ಣೆಯನ್ನು ಬೇರಿಂಗಿಗೆ, ಕನೆಕ್ಟಿಂಗ್ ರಾಡಿಗೆ, ಪಿಸ್ಟನ್ನಿನ ಮೈಗೆ ಸವರಿಕೊಂಡು ಹೋಗುತ್ತದೆ. ಅಂದರೆ ಇಲ್ಲಿ ಪೆಟ್ರೋಲು ಉರಿಯುವ ಸೌದೆ ಮಾತ್ರವಲ್ಲ, ಎಣ್ಣೆಯನ್ನು ಹೊತ್ತು ತರುವ ಆಳೂ ಅದೇ. ಆ ಆಳು ಬರಿಗೈಲಿ ಬಂದರೆ ನಿಮಿಷಗಳಲ್ಲಿ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಪೂರ್ತಿ ಎಳೆದಾಗ ಇವು ನಿಮಿಷಕ್ಕೆ 10 ಸಾವಿರ ಸುತ್ತಿನ ಆಸುಪಾಸು ತಿರುಗುತ್ತವೆ, ಚೈನ್ ಸಾ ಇನ್ನೂ ಹೆಚ್ಚು. ಹಳೆಯ ಸ್ಕೂಟರು ಇದರ ಅರ್ಧದಷ್ಟು ತಿರುಗಿದರೆ ಹೆಚ್ಚು. ಆದ್ದರಿಂದ ಎಣ್ಣೆ ತಪ್ಪಿದರೆ ಕ್ಷಮೆಯಿಲ್ಲ.

ಇಲ್ಲಿ ಕೂತಿರುವ ಹಿರಿಯರಿಗೆ ಈ ಎಣ್ಣೆಯ ಲೆಕ್ಕ ಹೊಸದಲ್ಲ. ಲೂನಾ, ಬಜಾಜ್ ಚೇತಕ್, ಯೆಜ್ಡಿ, ರಾಜದೂತ್ ಓಡಿಸಿದವರೆಲ್ಲ ಬಂಕಿನಲ್ಲಿ ‘ಎರಡು ಲೀಟರು ಪೆಟ್ರೋಲು, ಅದಕ್ಕೆ ಆಯಿಲ್’ ಎಂದು ಹೇಳಿಯೇ ಹಾಕಿಸುತ್ತಿದ್ದರು. ಬಂಕಿನ ಹುಡುಗನಿಗೆ ಲೆಕ್ಕ ಬಾಯಿಪಾಠ. ಆಮೇಲೆ ಬೈಕು, ಸ್ಕೂಟರುಗಳೆಲ್ಲ ಒಂದೊಂದಾಗಿ ಫೋರ್ ಸ್ಟ್ರೋಕ್ ಆದವು. ಕೊನೆಗೆ ನಮ್ಮ ಹಾಲಿನ ಕ್ಯಾನು ಹೊರುವ ಟಿ.ವಿ.ಎಸ್. ಎಕ್ಸ್.ಎಲ್. ಕೂಡ 2015ರಲ್ಲಿ ಫೋರ್ ಸ್ಟ್ರೋಕ್ ಆಗಿ ಬಂತು. ಹೀಗಾಗಿ ಇಂದಿನ ಹುಡುಗರಿಗೆ ಟೂ ಟಿ ಆಯಿಲ್ ಎಂದರೆ ಏನೆಂದೇ ಗೊತ್ತಿಲ್ಲ. ಆ ತಿಳಿವಳಿಕೆ ಮನೆಯಿಂದ ಹೋದ ಮೇಲೆ ಟೂ ಸ್ಟ್ರೋಕ್ ಮಿಷನ್ನು ಮನೆಗೆ ಬಂದಿದೆ. ತೊಂದರೆಯ ಅರ್ಧ ಇಲ್ಲಿದೆ.

ಉಳಿದರ್ಧ ಪೆಟ್ರೋಲಿನಲ್ಲೇ ಇದೆ. ಬಂಕಿನಲ್ಲಿ ಇಂದು ಸಿಗುವುದು ಲೂನಾ ಕಾಲದ ಪೆಟ್ರೋಲಲ್ಲ. ಕಬ್ಬು, ಅಕ್ಕಿ, ಮೆಕ್ಕೆಜೋಳದಿಂದ ತಯಾರಿಸಿದ ಎಥನಾಲ್ ಅದರಲ್ಲಿ ಬೆರೆತಿದೆ. 2022ರಲ್ಲಿ ದೇಶದಲ್ಲಿ ಈ ಬೆರಕೆ ಶೇಕಡ 10 ಮುಟ್ಟಿತು. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ನಡೆದ ಸಮಾರಂಭದಲ್ಲಿ ಶೇಕಡ 20ರ ಇ-20 ಪೆಟ್ರೋಲನ್ನು ಪ್ರಧಾನಿಯವರು ಬಿಡುಗಡೆ ಮಾಡಿದರು. 2025ರ ಹೊತ್ತಿಗೆ ಅದು ದೇಶದ ಎಲ್ಲ ಕಡೆ ಸಾಮಾನ್ಯ ಪೆಟ್ರೋಲೇ ಆಯಿತು. ಇದರಿಂದ ಕಬ್ಬು ಬೆಳೆಗಾರನಿಗೆ ಅನುಕೂಲವಿದೆ, ಹೊರದೇಶದಿಂದ ತರುವ ಎಣ್ಣೆ ಅಷ್ಟು ಕಡಿಮೆಯಾಗುತ್ತದೆ. ನಾನು ಅದನ್ನು ದೂರುತ್ತಿಲ್ಲ. ಅದೇ ಮೆಕ್ಕೆಜೋಳ ನಮ್ಮ ಪಶು ಆಹಾರಕ್ಕೂ ಬೇಕಲ್ಲ ಎಂದು ಕೆಲವರು ಮುಖ ಮುಖ ನೋಡಿಕೊಳ್ಳುತ್ತಿದ್ದೀರಿ. ಆ ಮಾತನ್ನು ಮಹಾಸಭೆಗೆ ಇಟ್ಟುಕೊಳ್ಳಿ.

ಎಥನಾಲಿನ ಗುಣ ಎರಡು ನಮಗೆ ಮುಖ್ಯ. ಮೊದಲನೆಯದು, ಅದಕ್ಕೆ ನೀರೆಂದರೆ ಬಹಳ ಪ್ರೀತಿ. ಬರಿಯ ಪೆಟ್ರೋಲು ನೀರನ್ನು ಸೇರಿಸಿಕೊಳ್ಳುವುದಿಲ್ಲ. ಎಥನಾಲ್ ಇರುವ ಪೆಟ್ರೋಲು ಸ್ವಲ್ಪ ನೀರನ್ನು ಒಳಗೆ ಕರಗಿಸಿಕೊಳ್ಳುತ್ತದೆ. ಶೇಕಡ 10ರ ಬೆರಕೆಯಾದರೆ ಲೀಟರಿಗೆ ಸುಮಾರು 5 ಮಿಲಿಲೀಟರು, ಅಂದರೆ ಒಂದು ಚಹಾ ಚಮಚದಷ್ಟು. ಶೇಕಡ 20ರದ್ದು ಅದಕ್ಕಿಂತ ಹೆಚ್ಚು ತಡೆದುಕೊಳ್ಳುತ್ತದೆ. ಆ ಮಿತಿ ದಾಟಿತೋ, ಎಥನಾಲು ಪೆಟ್ರೋಲಿನ ಸಂಗ ಬಿಟ್ಟು ನೀರಿನ ಜೊತೆ ಕೆಳಗಿಳಿದುಬಿಡುತ್ತದೆ. ರಾತ್ರಿ ಇಟ್ಟ ಹಾಲಿನಲ್ಲಿ ಕೆನೆ ಮೇಲೆ ಬಂದು ತಿಳಿ ಕೆಳಗುಳಿಯುವುದನ್ನು ನೀವು ದಿನವೂ ನೋಡುತ್ತೀರಿ, ಹಾಗೆಯೇ ಎಂದುಕೊಳ್ಳಿ. ಹಾಲಾದರೆ ಕಲಕಿದರೆ ಕೂಡಿಕೊಳ್ಳುತ್ತದೆ. ಇದು ಎಷ್ಟು ಕುಲುಕಿದರೂ ಮತ್ತೆ ಬೇರೆಯಾಗಿಯೇ ನಿಲ್ಲುತ್ತದೆ.

ಈಗ ಮಿಷನ್ನಿನ ಟ್ಯಾಂಕನ್ನು ನೆನಪು ಮಾಡಿಕೊಳ್ಳಿ. ಪೆಟ್ರೋಲು ಹೀರುವ ಸಣ್ಣ ಪೈಪಿನ ತುದಿಯಲ್ಲಿ ತೂಕದ ಫಿಲ್ಟರು ಇರುತ್ತದೆ. ಮಿಷನ್ ಹೇಗೆ ಓರೆಯಾದರೂ ಅದು ತಳದಲ್ಲೇ ಬಿದ್ದಿರಬೇಕು, ಅದಕ್ಕಾಗಿ ಆ ತೂಕ. ನೀವು ಹಾಕಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲಿ ಉಳಿದಿದೆ. ತಳದಲ್ಲಿ ಇರುವುದು ನೀರು ಮತ್ತು ಎಥನಾಲ್. ಮಿಷನ್ ಹೀರುವುದು ತಳದ್ದನ್ನು. ಎಣ್ಣೆಯನ್ನು ಅಳೆದು ಸರಿಯಾಗಿಯೇ ಹಾಕಿದ್ದೆ, ಆದರೂ ಸೀಜ್ ಆಯಿತು ಎಂದು ಕೆಲವರು ನನ್ನ ಬಳಿ ಆಣೆ ಪ್ರಮಾಣ ಮಾಡುತ್ತಾರೆ. ಅವರು ಸುಳ್ಳು ಹೇಳುವುದಿಲ್ಲ. ನಾನೂ ಅಳೆದೇ ಹಾಕಿದ್ದೆ.

ಎರಡನೆಯ ಗುಣ, ಎಥನಾಲಿನಲ್ಲಿ ಆಮ್ಲಜನಕ ಸೇರಿಕೊಂಡೇ ಇದೆ, ಅದರ ತೂಕದ ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಹಳೆಯ ಪೆಟ್ರೋಲಿಗೆ ಹೊಂದಿಸಿದ ಕಾರ್ಬುರೇಟರಿನಲ್ಲಿ ಇದನ್ನು ಹಾಕಿದರೆ ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾದಂತೆ ಆಗುತ್ತದೆ. ಎಂಜಿನ್ ಹೆಚ್ಚು ಕಾಯುತ್ತದೆ. ಬೈಕು, ಕಾರುಗಳಲ್ಲಿ ಇದನ್ನು ಸರಿತೂಗಿಸುವ ವ್ಯವಸ್ಥೆ ಈಗ ಬಂದಿದೆ. ನಮ್ಮ ಹುಲ್ಲಿನ ಮಿಷನ್ನಿನಲ್ಲಿ ಇರುವುದು ಒಂದು ಸ್ಕ್ರೂ. ಜೊತೆಗೆ ಎಥನಾಲು ಹಳೆಯ ರಬ್ಬರನ್ನು ಉಬ್ಬಿಸುತ್ತದೆ ಇಲ್ಲವೆ ಗಟ್ಟಿ ಮಾಡುತ್ತದೆ. ಕಾರ್ಬುರೇಟರಿನ ಪೊರೆ, ಪೆಟ್ರೋಲಿನ ಸಣ್ಣ ಪೈಪು, ಬೆರಳಿನಿಂದ ಒತ್ತುವ ಗುಳ್ಳೆ ಇವು ಮೊದಲು ಹೋಗುತ್ತವೆ.

ಹಾಗಾದರೆ ಈ ಪೆಟ್ರೋಲು ಹಾಕಲೇಬಾರದೇ? ಹಾಗೆ ಹೇಳಿದರೆ ಹಳ್ಳಿಯಲ್ಲಿ ಹಾಕಲು ಬೇರೆ ಏನಿದೆ? ಬ್ರೆಜಿಲ್ ದೇಶದಲ್ಲಿ ಎಷ್ಟೋ ವರ್ಷದಿಂದ ಪೆಟ್ರೋಲಿನಲ್ಲಿ ಕಾಲು ಭಾಗ ಎಥನಾಲ್ ಇದೆ, ಅಲ್ಲಿಯ ರೈತರೂ ಹುಲ್ಲು ಹೊಡೆಯುತ್ತಾರೆ, ಮರ ಕೊಯ್ಯುತ್ತಾರೆ. ಹೆದರಬೇಕಾದದ್ದು ಹಳಸಿದ ಪೆಟ್ರೋಲಿಗೆ. ಆದರೂ ನಿಮ್ಮ ಮಿಷನ್ನಿನ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಬಹಳಷ್ಟು ಮಿಷನ್ನುಗಳ ಪುಸ್ತಕದಲ್ಲಿ ಎಥನಾಲ್ ಶೇಕಡ 10 ಮೀರಬಾರದು ಎಂದು ಬರೆದಿದೆ. ತಾನಾಗಿ ಸರಿಪಡಿಸಿಕೊಳ್ಳುವ ಕಾರ್ಬುರೇಟರು ಇರುವ ಕೆಲವು ಹೊಸ ಮಿಷನ್ನುಗಳಿಗೆ ಶೇಕಡ 27ರವರೆಗೂ ನಡೆಯುತ್ತದೆ. ಹೊಸ ಮಿಷನ್ ಕೊಳ್ಳುವವರು ಅಂಗಡಿಯವನನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು. ‘ಎಷ್ಟು ಸಿ.ಸಿ.’ ಎನ್ನುವುದು ಆಮೇಲೆ. ಹಳೆಯ ಮಿಷನ್ ಇರುವವರು ಮಳೆಗಾಲಕ್ಕೆ ಮೊದಲು ಬಲ್ಲ ಮೆಕ್ಯಾನಿಕ್ ಬಳಿ ಒಯ್ದು ಈಗಿನ ಪೆಟ್ರೋಲಿಗೆ ತಕ್ಕಂತೆ ಸ್ಕ್ರೂ ಹೊಂದಿಸಿಕೊಳ್ಳಿ, ರಬ್ಬರಿನ ಪೈಪು ಬದಲಾಯಿಸಿಕೊಳ್ಳಿ. ಆ ಸ್ಕ್ರೂವನ್ನು ದಯವಿಟ್ಟು ನೀವೇ ತಿರುಗಿಸಬೇಡಿ. ಕಿವಿಗೆ ಚೆನ್ನಾಗಿ ಕೇಳುವ ಜೋರು ದನಿ ಪಿಸ್ಟನ್ನಿಗೆ ಚೆನ್ನಾಗಿರುವುದಿಲ್ಲ.

ದುಬಾರಿ ಪೆಟ್ರೋಲು ಹಾಕಿದರೆ ಹೇಗೆ ಎಂದು ಕೇಳುವವರಿದ್ದಾರೆ. ಆಕ್ಟೇನ್ ಎಂದರೆ ಪೆಟ್ರೋಲಿನ ಶಕ್ತಿಯಲ್ಲ, ಕಿಡಿಗೆ ಮೊದಲೇ ಸಿಡಿಯದೆ ತಡೆದುಕೊಳ್ಳುವ ಗುಣ. ನಮ್ಮ ಮಿಷನ್ನುಗಳಿಗೆ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಸಾಕು. 95 ಎಂದು ಬರೆದು ಹೆಚ್ಚು ಬೆಲೆಗೆ ಮಾರಿದ ಮಾತ್ರಕ್ಕೆ ಅದರಲ್ಲಿ ಎಥನಾಲ್ ಇಲ್ಲವೆಂದು ತಿಳಿಯಬೇಡಿ. ಕೊಳ್ಳುವ ಮೊದಲು ಬಂಕಿನಲ್ಲಿ ಕೇಳಿ. ಕೇಳಿದ್ದನ್ನು ಮನೆಯಲ್ಲಿ ಪರೀಕ್ಷೆ ಮಾಡಿ ನೋಡಬಹುದು. ಹೇಗೆಂದು ಹೇಳುತ್ತೇನೆ.

ಒಂದು ಕಿರಿದಾದ ಗಾಜಿನ ಬಾಟಲಿ, ಒಂದು 20 ಮಿಲಿಲೀಟರಿನ ಸಿರಿಂಜು ಬೇಕು. ಬಾಟಲಿಗೆ ಉದ್ದಕ್ಕೆ ಒಂದು ಕಾಗದದ ಪಟ್ಟಿ ಅಂಟಿಸಿ. ಒಂದು ಸಿರಿಂಜು ನೀರು ಹಾಕಿ ಅದರ ಮಟ್ಟಕ್ಕೆ ಗೆರೆ ಎಳೆಯಿರಿ, ಇನ್ನೊಂದು ಸಿರಿಂಜು ನೀರು ಹಾಕಿ ಎರಡನೆಯ ಗೆರೆ. ಎರಡನೆಯದನ್ನು ತೆಗೆದುಬಿಡಿ, ಒಂದು ಸಿರಿಂಜು ನೀರು ಉಳಿಯಲಿ. ಅದರ ಮೇಲೆ ಎಣ್ಣೆ ಬೆರೆಸದ ಪೆಟ್ರೋಲು ಐದು ಸಿರಿಂಜು ಹಾಕಿ, ಮುಚ್ಚಿ ಕುಲುಕಿ, ನಿಧಾನ ಮುಚ್ಚಳ ಸಡಿಲಿಸಿ ಒಳಗಿನ ಆವಿ ಬಿಟ್ಟು, ಹತ್ತು ನಿಮಿಷ ಇಡಿ. ಪೆಟ್ರೋಲಿನಲ್ಲಿದ್ದ ಎಥನಾಲೆಲ್ಲ ನೀರಿಗೆ ಬರುತ್ತದೆ. ಕೆಳಗಿನ ಪದರ ಮೊದಲ ಗೆರೆಯಲ್ಲೇ ನಿಂತರೆ ಎಥನಾಲ್ ಇಲ್ಲ. ಎರಡನೆಯ ಗೆರೆಯ ಹತ್ತಿರಕ್ಕೆ ಏರಿದರೆ ಶೇಕಡ 20ರ ಆಸುಪಾಸು. ನಡುವೆ ನಿಂತರೆ ಶೇಕಡ 10. ಸಂಘದಲ್ಲಿ ಜಿಡ್ಡು ಪರೀಕ್ಷೆಗೆ ಗರ್ಬರ್ ಬ್ಯುಟಿರೋಮೀಟರಿನಲ್ಲಿ ಗೆರೆ ಓದುವುದನ್ನು ನೋಡಿದವರಿಗೆ ಇದು ಕಷ್ಟವಲ್ಲ. ಆದರೆ ಸಂಘದ ಬ್ಯುಟಿರೋಮೀಟರನ್ನಾಗಲಿ, ಲ್ಯಾಕ್ಟೋಮೀಟರ್ ಜಾಡಿಯನ್ನಾಗಲಿ ಇದಕ್ಕೆ ಕೇಳಬೇಡಿ, ಕಾರ್ಯದರ್ಶಿಗಳು ನನ್ನ ಮೇಲೆ ಸಿಟ್ಟಾಗುತ್ತಾರೆ. ಇದನ್ನು ಅಂಗಳದಲ್ಲಿ, ಒಲೆ ಬೀಡಿಗಳಿಂದ ದೂರ ಮಾಡಬೇಕು. ಹೀಗೆ ನೀರಿನಿಂದ ತೊಳೆದ ಪೆಟ್ರೋಲನ್ನೇ ಬೇರ್ಪಡಿಸಿ ಮಿಷನ್ನಿಗೆ ಹಾಕುವ ಬುದ್ಧಿವಂತರೂ ಇದ್ದಾರೆ. ಬೇಡ. ಅದರಲ್ಲಿ ನೀರಿನ ಅಂಶ ಉಳಿಯುತ್ತದೆ, ಎಥನಾಲ್ ಹೋದ ಮೇಲೆ ಆಕ್ಟೇನೂ ಇಳಿಯುತ್ತದೆ. ತುಕ್ಕು ಹಿಡಿದ ಕತ್ತಿ, ಬ್ಲೇಡು ಒರೆಸಲು ಸಾಕು.

ಇನ್ನು ಎಣ್ಣೆ. ಕೆಂಪು, ಹಸಿರು, ನೀಲಿ ಎಂದು ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣ ಹಾಕುವುದು ಬೆರೆಸಿದ ಪೆಟ್ರೋಲು ಬೆರೆಸದ್ದಕ್ಕಿಂತ ಬೇರೆಯಾಗಿ ಕಾಣಲಿ ಎಂದು, ಅಷ್ಟೆ. ಡಬ್ಬದ ಹಿಂದೆ ಸಣ್ಣ ಇಂಗ್ಲಿಷ್ ಅಕ್ಷರ ಓದಬೇಕು, ಕಣ್ಣು ಕಾಣದಿದ್ದರೆ ಶಾಲೆಗೆ ಹೋಗುವ ಮಗಳನ್ನು ಕರೆದುಕೊಂಡು ಹೋಗಿ. ಜಾಸೋ ಎಂಬ ಜಪಾನಿನ ಗುಣಮಟ್ಟದಲ್ಲಿ ಎಫ್.ಬಿ., ಎಫ್.ಸಿ., ಎಫ್.ಡಿ. ಎಂದು ಮೂರು ದರ್ಜೆ. ಎಫ್.ಸಿ.ಯಲ್ಲಿ ಹೊಗೆ ಕಡಿಮೆ, ಎಫ್.ಡಿ.ಯಲ್ಲಿ ಹೊಗೆಯೂ ಕಡಿಮೆ, ಒಳಗೆ ಮಸಿ ಕಟ್ಟುವುದೂ ಕಡಿಮೆ. ಐ.ಎಸ್.ಓ. ಲೆಕ್ಕದಲ್ಲಿ ಇದನ್ನೇ ಇ.ಜಿ.ಬಿ., ಇ.ಜಿ.ಸಿ., ಇ.ಜಿ.ಡಿ. ಎನ್ನುತ್ತಾರೆ. ಸಿಕ್ಕರೆ ಎಫ್.ಡಿ. ಕೊಳ್ಳಿ, ಸಿಗದಿದ್ದರೆ ಎಫ್.ಸಿ. ಸಾಕು. ಈ ಅಕ್ಷರಗಳೇ ಇಲ್ಲದ, ಬಿಡಿಯಾಗಿ ಬಾಟಲಿಗೆ ಸುರಿದು ಕೊಡುವ ಎಣ್ಣೆ ಬೇಡ.

ಹೆಚ್ಚು ಮಿಷನ್ನುಗಳನ್ನು ಕೆಡಿಸುವುದು ಬೈಕಿನ ಎಂಜಿನ್ ಆಯಿಲ್. ‘ಆಯಿಲ್ ಕೊಡಿ’ ಎಂದರೆ ಅಂಗಡಿಯವ 20 ಡಬ್ಲ್ಯೂ 40 ಡಬ್ಬ ಕೊಡುತ್ತಾನೆ, ಅವನಿಗೂ ಟೂ ಸ್ಟ್ರೋಕ್ ಮರೆತಿದೆ. ಅದು ಎಂಜಿನ್ನಿನ ಹೊಟ್ಟೆಯಲ್ಲಿ ಸುತ್ತುತ್ತಾ ಇರಲು ಮಾಡಿದ ಎಣ್ಣೆ, ಉರಿದು ಹೋಗಲು ಮಾಡಿದ್ದಲ್ಲ. ಅದರಲ್ಲಿ ಸತು ಮುಂತಾದ ಲೋಹದ ಅಂಶ ಸೇರಿಸಿರುತ್ತಾರೆ. ಉರಿದರೆ ಬೂದಿಯಾಗಿ ಪ್ಲಗ್ಗಿಗೆ, ರಿಂಗಿಗೆ, ಹೊಗೆ ಹೋಗುವ ಕಿಂಡಿಗೆ ಕಟ್ಟಿಕೊಳ್ಳುತ್ತದೆ. ಮಿಷನ್ ಕೂಡಲೇ ಕೆಡುವುದಿಲ್ಲ, ಅದೇ ಮೋಸ. ಒಂದು ತಿಂಗಳು ಓಡಿ ನಂಬಿಕೆ ಬರಿಸಿ ಆಮೇಲೆ ಕೆಡುತ್ತದೆ. ಕರಾವಳಿಯ ಕಡೆಯವರಿಗೆ ಇನ್ನೊಂದು ಮಾತು. ದೋಣಿಯ ಔಟ್‌ಬೋರ್ಡ್ ಎಂಜಿನ್ನಿನ ಎಣ್ಣೆ, ಟಿ.ಸಿ.-ಡಬ್ಲ್ಯೂ 3 ಎಂದು ಬರೆದಿರುತ್ತದೆ, ಅದೂ ಟೂ ಸ್ಟ್ರೋಕಿನದೇ, ಆದರೆ ನೀರಿನಿಂದ ತಣಿಯುವ ಎಂಜಿನ್ನಿಗೆ ಮಾಡಿದ್ದು. ನಮ್ಮದು ಗಾಳಿಯಿಂದ ತಣಿಯುವ, ಬಹಳ ಕಾಯುವ ಎಂಜಿನ್. ಸೇರುವುದಿಲ್ಲ. ಸೀಮೆಎಣ್ಣೆ ಬೆರೆಸುವುದಂತೂ ಬೇಡವೇ ಬೇಡ.

ಅಳತೆಯ ಲೆಕ್ಕ ಸುಲಭ. ಪುಸ್ತಕದಲ್ಲಿ 1:50 ಎಂದಿದ್ದರೆ ಒಂದು ಲೀಟರು ಪೆಟ್ರೋಲಿಗೆ 20 ಮಿಲಿಲೀಟರು ಎಣ್ಣೆ. 1:33 ಎಂದಿದ್ದರೆ 30. 1:25 ಎಂದಿದ್ದರೆ 40. ಆ 20 ಮಿಲಿಲೀಟರಿನ ಸಿರಿಂಜೇ ಇಲ್ಲಿಯೂ ಅಳತೆ. 1:50ಕ್ಕೆ ಲೀಟರಿಗೆ ಒಂದು ಸಿರಿಂಜು, 1:25ಕ್ಕೆ ಎರಡು. ಔಷಧಿ ಅಂಗಡಿಯಲ್ಲಿ ಹೊಸದೊಂದು ತಂದು ಅದಕ್ಕೆ ಕೆಂಪು ದಾರ ಕಟ್ಟಿಡಿ. ಹಸುವಿಗೆ ಚುಚ್ಚುವ ಸಿರಿಂಜಿನ ಜೊತೆ ಎಂದೂ ಬೆರಕೆಯಾಗಬಾರದು. ಪೆಟ್ರೋಲು ತಾಗಿ ರಬ್ಬರು ಹಿಡಿದುಕೊಳ್ಳಲು ಶುರುವಾದರೆ ಬಿಸಾಡಿ ಇನ್ನೊಂದು ತನ್ನಿ. ಬಾಟಲಿ ಮುಚ್ಚಳದ ಲೆಕ್ಕ, ‘ಒಂದು ಧಾರೆ’ ಲೆಕ್ಕ, ಬಣ್ಣ ನೋಡಿ ಹಾಕುವ ಲೆಕ್ಕ ಯಾವುದೂ ಬೇಡ. ನಿಮ್ಮ ಹಾಲನ್ನು ಸಂಘದಲ್ಲಿ ಕಣ್ಣಳತೆಯಲ್ಲಿ ಅಳೆದರೆ ಒಪ್ಪುತ್ತೀರಾ?

ಎಣ್ಣೆಯ ಡಬ್ಬದ ಮೇಲೆ 1:50 ಎಂದಿದ್ದು, ಮಿಷನ್ನಿನ ಪುಸ್ತಕದಲ್ಲಿ 1:25 ಎಂದಿದ್ದರೆ ಪುಸ್ತಕದ ಮಾತು ನಡೆಯಲಿ. ಕೆಲವು ಕಂಪನಿಗಳು ತಮ್ಮದೇ ಎಣ್ಣೆಗೆ 1:50, ಬೇರೆ ಎಣ್ಣೆಗೆ 1:25 ಅಥವಾ 1:33 ಎಂದು ಎರಡು ಲೆಕ್ಕ ಕೊಡುತ್ತವೆ, ಅದನ್ನೂ ನೋಡಿ. ಪುಸ್ತಕ ಕಳೆದುಹೋಗಿದ್ದರೆ ಟ್ಯಾಂಕಿನ ಮುಚ್ಚಳದ ಮೇಲೆ ಅಥವಾ ಪಕ್ಕದ ಚೀಟಿಯಲ್ಲಿ ಇರುತ್ತದೆ. ಭಯಕ್ಕೆ ದುಪ್ಪಟ್ಟು ಎಣ್ಣೆ ಹಾಕುವವರೂ ಇದ್ದಾರೆ. ಸೀಜ್ ಆಗುವುದಿಲ್ಲ, ನಿಜ. ಆದರೆ ಹೊಗೆ, ಪ್ಲಗ್ ಒದ್ದೆ, ಸೈಲೆನ್ಸರಿನಲ್ಲಿ ಮಸಿ, ಹೊಡೆಯುವವನ ಮೂಗಿನ ತುಂಬ ಕರಿ. ಒಂದು ಲೀಟರಿಗೆ ಬೀಳುವ 20 ಮಿಲಿಲೀಟರು ಒಳ್ಳೆಯ ಎಣ್ಣೆಯ ಖರ್ಚು ನೀವು ಸಂಘಕ್ಕೆ ಹಾಕುವ ಅರ್ಧ ಲೀಟರು ಹಾಲಿನ ಬೆಲೆಯೊಳಗೇ ಮುಗಿಯುತ್ತದೆ. ಇಲ್ಲಿ ಉಳಿಸಲು ಹೋಗಬೇಡಿ, ಸುರಿಯಲೂ ಹೋಗಬೇಡಿ.

ಬೆರೆಸುವಾಗ ಡಬ್ಬಕ್ಕೆ ಮೊದಲು ಅರ್ಧ ಪೆಟ್ರೋಲು, ಆಮೇಲೆ ಪೂರ್ತಿ ಎಣ್ಣೆ, ಚೆನ್ನಾಗಿ ಕುಲುಕಿ ಉಳಿದ ಪೆಟ್ರೋಲು. ಟ್ಯಾಂಕಿನೊಳಗೇ ಪೆಟ್ರೋಲು, ಎಣ್ಣೆ ಬೇರೆ ಬೇರೆ ಸುರಿಯಬಾರದು. ಪ್ರತಿ ಸಲ ಟ್ಯಾಂಕು ತುಂಬುವ ಮೊದಲು ಡಬ್ಬವನ್ನು ಮತ್ತೆ ಕುಲುಕಿ. ಒಂದು ಸಲಕ್ಕೆ ಒಂದೆರಡು ಲೀಟರು ಸಾಕು. ಹೆಚ್ಚಿನ ಕಂಪನಿಗಳು ಬೆರೆಸಿದ್ದನ್ನು 30 ದಿನದೊಳಗೆ ಮುಗಿಸಿ ಎನ್ನುತ್ತವೆ. ನಮ್ಮ ಮಳೆಗಾಲದ ಗಾಳಿಯನ್ನು ಬಲ್ಲ ನಾನು 15 ದಿನ ಎನ್ನುತ್ತೇನೆ. ಬಂಕು ದೂರ ಎಂದು ಐದು ಹತ್ತು ಲೀಟರು ತಂದಿಡುವವರು ಬೆರೆಸದೆ ಇಡಲಿ, ಹಳತಾದರೆ ಬೈಕಿಗಾದರೂ ಹೊಸದರ ಜೊತೆ ಸೇರಿಸಿ ಹಾಕಬಹುದು. ಪೆಟ್ರೋಲಿಗೆಂದೇ ಮಾಡಿದ, ಬಿರಡೆ ಬಿಗಿಯಾದ ಡಬ್ಬದಲ್ಲಿ, ಬಿಸಿಲು ಮಳೆ ತಾಗದ ಕಡೆ ಇರಲಿ. ಕುಡಿಯುವ ನೀರಿನ ಬಾಟಲಿ ಬೇಡ.

ಮಳೆ ಮುಗಿದು ಮಿಷನ್ ಮೂಲೆಗಿಡುವ ದಿನದ ಕೆಲಸವನ್ನು ಯಾರೂ ಮಾಡುವುದಿಲ್ಲ, ನಾನೂ ಮಾಡಿರಲಿಲ್ಲ. ಟ್ಯಾಂಕು ಪೂರ್ತಿ ಬಗ್ಗಿಸಿ ಖಾಲಿ ಮಾಡಿ. ಆಮೇಲೆ ಮಿಷನ್ ಶುರು ಮಾಡಿ ಅದು ತಾನಾಗಿ ನಿಲ್ಲುವವರೆಗೆ ನಿಧಾನ ಓಡಿಸಿ, ಕಾರ್ಬುರೇಟರಿನಲ್ಲಿ ಉಳಿದದ್ದೂ ಮುಗಿಯುತ್ತದೆ. ಮುಚ್ಚಳದ ವಾಷರು ನೋಡಿ. ಐದು ನಿಮಿಷದ ಕೆಲಸ.

ಕೆಲವರ ಮಿಷನ್ ಫೋರ್ ಸ್ಟ್ರೋಕ್ ಇರುತ್ತದೆ. ಅದಕ್ಕೆ ಎಣ್ಣೆ ಹಾಕುವ ಬಾಯಿ ಬೇರೆಯೇ ಇದೆ, ಒಳಗೆ ಹಿಡಿಯುವುದು 100 ಮಿಲಿಲೀಟರಿನ ಆಸುಪಾಸು ಎಂಜಿನ್ ಆಯಿಲ್. ಅದರ ಪೆಟ್ರೋಲಿಗೆ ಏನೂ ಬೆರೆಸಬಾರದು. ಇದರ ನಡುವೆ 4-ಮಿಕ್ಸ್ ಎಂಬ ಇನ್ನೊಂದು ಜಾತಿ ಇದೆ. ಹೆಸರಿನಲ್ಲಿ 4 ಇದೆ, ಒಳಗೆ ವಾಲ್ವೂ ಇದೆ, ಆದರೆ ಎಣ್ಣೆಯ ಹೊಟ್ಟೆ ಇಲ್ಲ. ಅದಕ್ಕೆ ಬೆರೆಸಿದ ಪೆಟ್ರೋಲೇ ಬೇಕು. ಹೆಸರು ನೋಡಿ ಬರಿಯ ಪೆಟ್ರೋಲು ಹಾಕಿದರೆ ಕೆಲಸ ಕೆಟ್ಟಿತು.

ಮನೆಯಲ್ಲಿ ಎರಡು ಡಬ್ಬ ಇದ್ದರೆ ಯಾವುದು ಯಾವುದೆಂದು ಎಲ್ಲರಿಗೂ ತಿಳಿಯುವಂತಿರಬೇಕು. ಒಬ್ಬ ಸಹೋದರಿಯ ಮನೆಯಲ್ಲಿ ಯಜಮಾನರು ಪೇಟೆಗೆ ಹೋದಾಗ ಹುಲ್ಲು ಅರ್ಧಕ್ಕೆ ನಿಂತಿತು. ಆಕೆ ಬೈಕಿನ ಪೆಟ್ರೋಲಿನ ಡಬ್ಬ ಕಂಡು ಅದನ್ನೇ ಹಾಕಿ ಹೊಡೆದರು. ಮಿಷನ್ ನನ್ನ ಬಳಿಗೆ ಬಂತು. ತಪ್ಪು ಆಕೆಯದೆಂದು ಯಜಮಾನರು ಕೂಗಾಡಿದರು. ಡಬ್ಬಕ್ಕೆ ಗುರುತು ಹಾಕದೆ ಹೋದವರು ಯಾರು ಎಂದು ನಾನು ಕೇಳಬೇಕಾಯಿತು. ಈಗ ಅವರ ಮನೆಯಲ್ಲಿ ಬೆರೆಸಿದ ಡಬ್ಬಕ್ಕೆ ಕೆಂಪು ಬಣ್ಣ ಬಳಿದು, ಬೆರೆಸಿದ ತಾರೀಖು ಬರೆದಿದೆ. ಬೆರೆಸುವವರೂ ಆ ಸಹೋದರಿಯೇ.

ಚೈನ್ ಸಾ ಇರುವವರಿಗೆ ಒಂದೇ ಮಾತು. ಅದಕ್ಕೆ ಎರಡು ಬಾಯಿ, ಒಂದು ಪೆಟ್ರೋಲಿಗೆ, ಇನ್ನೊಂದು ಸರಪಳಿಗೆ ಹನಿಸುವ ಎಣ್ಣೆಗೆ. ಸರಪಳಿಗೆ ಬೈಕಿನಿಂದ ಇಳಿಸಿದ ಕರಿ ಎಣ್ಣೆ ಹಾಕಬೇಡಿ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಎಣ್ಣೆಯ ಪಂಪು ಸವೆಯುತ್ತದೆ, ಮೈಗೆ ಕೈಗೆ ಸಿಡಿಯುತ್ತದೆ.

ಕೊನೆಗೆ ನಮ್ಮ ಹಟ್ಟಿಯ ಮಾತು. ಪೆಟ್ರೋಲು ಬೆರೆಸಿದ ಕೈಯಲ್ಲಿ ಕೆಚ್ಚಲು ಮುಟ್ಟಬೇಡಿ, ಸೋಪು ಹಚ್ಚಿ ತೊಳೆಯಿರಿ. ಹಾಲಿಗೆ ವಾಸನೆ ಬಹಳ ಬೇಗ ಹಿಡಿಯುತ್ತದೆ. ಎಕ್ಸ್.ಎಲ್. ಗಾಡಿಯಲ್ಲಿ ಹಾಲಿನ ಕ್ಯಾನಿನ ಪಕ್ಕದಲ್ಲೇ ಪೆಟ್ರೋಲಿನ ಡಬ್ಬ ಕಟ್ಟಿ ತಂದು, ಸಂಘದಲ್ಲಿ ಮುಚ್ಚಳ ತೆಗೆದಾಗ ಹಾಲು ವಾಪಸ್ಸಾದರೆ ಪರೀಕ್ಷಕರ ಮೇಲೆ ರೇಗಿ ಫಲವಿಲ್ಲ. ಟ್ಯಾಂಕು ತುಂಬುವುದು ಕೊಯ್ದ ಹುಲ್ಲಿನ ಮೇಲೆ ಅಲ್ಲ, ಬದುವಿನ ಮೇಲೆ. ಮಿಷನ್ ನಿಲ್ಲಿಸಿ, ಆರಲು ಬಿಟ್ಟು ತುಂಬಿ. ತುಂಬಿದ ಜಾಗದಿಂದ ಹತ್ತು ಹೆಜ್ಜೆ ಆಚೆ ಹೋಗಿ ಶುರು ಮಾಡಿ. ಬೈಹುಲ್ಲು ಬಣವೆಯ ಬಳಿ ಇದನ್ನು ಮಾಡುವವರನ್ನು ಕಂಡಿದ್ದೇನೆ, ಎದೆ ಝಲ್ಲೆನ್ನುತ್ತದೆ. ಡಬ್ಬವನ್ನು ಹಸು, ಕರುಗಳ ಬಾಯಿಗೆ ಸಿಗುವಂತೆ ಎಂದೂ ಇಡಬೇಡಿ. ದನಗಳು ಎಣ್ಣೆ, ಪೆಟ್ರೋಲು ನೆಕ್ಕುತ್ತವೆ, ಕುಡಿಯುತ್ತವೆ ಕೂಡ. ಕುಡಿದದ್ದು ಉಸಿರಿನ ದಾರಿಗೆ ಹೋಗಿ ಶ್ವಾಸಕೋಶ ಕೆಡುತ್ತದೆ. ಹಾಗಾದರೆ ಗೊಟ್ಟದಲ್ಲಿ ಎಣ್ಣೆ, ಮಜ್ಜಿಗೆ, ನೀರು ಏನನ್ನೂ ಎರೆಯದೆ ಕೂಡಲೇ ಪಶುವೈದ್ಯರನ್ನು ಕರೆಯಿರಿ.

ನಿಮ್ಮ ಮಿಷನ್ನು ಹೇಗಿದೆ ಎಂದು ತಿಳಿಯಲು ಪ್ಲಗ್ ಬಿಚ್ಚಿ ನೋಡಿ. ತುದಿ ಕಾಫಿ ಪುಡಿಯ ಬಣ್ಣದಲ್ಲಿದ್ದರೆ ಸರಿಯಾಗಿದೆ. ಕಪ್ಪಾಗಿ ಒದ್ದೆಯಾಗಿದ್ದರೆ ಎಣ್ಣೆ ಹೆಚ್ಚು, ಇಲ್ಲವೆ ಗಾಳಿಯ ಫಿಲ್ಟರು ಕಟ್ಟಿದೆ. ಸುಣ್ಣ ಬಳಿದಂತೆ ಬಿಳಿಯಾಗಿದ್ದರೆ ಆ ದಿನದ ಹುಲ್ಲನ್ನು ಕತ್ತಿಯಲ್ಲಿ ಕೊಯ್ದು, ಮಿಷನ್ನನ್ನು ಮೆಕ್ಯಾನಿಕ್ ಬಳಿಗೆ ಒಯ್ಯಿರಿ.

ಪ್ಲಗ್ ಬಿಚ್ಚಿ ತಂದವರು ಯಾರಾದರೂ ಇದ್ದರೆ ಚಹಾದ ನಂತರ ಹೊರಗಿನ ಮೇಜಿನ ಬಳಿ ಬನ್ನಿ, ನೋಡಿ ಹೇಳುತ್ತೇನೆ. ಗಾಜಿನ ಬಾಟಲಿಯಲ್ಲಿ ನೀರಿನ ಪರೀಕ್ಷೆಯನ್ನೂ ಅಲ್ಲೇ ಮಾಡಿ ತೋರಿಸುತ್ತೇನೆ, ಪೆಟ್ರೋಲನ್ನು ಇಂದು ಬೆಳಿಗ್ಗೆಯೇ ಬಂಕಿನಿಂದ ತಂದಿದ್ದೇನೆ. ಬೀಡಿ ಸೇದುವವರು ಗೇಟಿನ ಆಚೆ ಮುಗಿಸಿ ಬರಬೇಕೆಂದು ಕೇಳಿಕೊಳ್ಳುತ್ತೇನೆ.